ಹದಿನೇಳನೇ ಜಾಗಕ್ಕೆ ಬಾರದವರು

ಚಳಿ ಹಿಂದೆ ಸರಿದು, ಬಿಸಿಲು ಇನ್ನೂ ಮೈಗೆ ಹಿತವಾಗಿದ್ದ ದಿನಗಳು. ಶುಕ್ರವಾರ ಬೆಳಗ್ಗೆ ಆರೂವರೆ ಗಂಟೆ. ಕೈಗಾಡಿಯಲ್ಲಿ ಕಡ್ಡಿಪೊರಕೆ, ಕಸದ ಚೀಲ ಹಾಕಿಕೊಂಡು ಕೆರೆದಂಡೆಯ ಶಿಬಿರದ ಹದಿನೇಳನೇ ಜಾಗದ ಕಡೆ ತಿರುಗಿದವಳು ಅಲ್ಲೇ ನಿಂತೆ.

ಅಲ್ಲೊಂದು ಹಸಿರು ಟೆಂಟು ನಿಂತಿತ್ತು.

ಗುರುವಾರ ಸಂಜೆ ನಾನು ಗುಡಿಸಿ ಹೋದಾಗ ಅದು ಅಲ್ಲಿರಲಿಲ್ಲ. ಹನ್ನೊಂದು ವಾರದಿಂದ ವಾರ ತಪ್ಪದೆ ಬುಕ್ ಆಗುತ್ತಿದ್ದ, ಒಂದು ವಾರವೂ ಯಾರೂ ಬಂದು ಮಲಗದ ಜಾಗ ಅದು.

ಹಿಂದಿನಿಂದ ಓಡಿ ಬರುವ ಚಪ್ಪಲಿ ಸದ್ದು ಕೇಳಿತು.

"ದೊಡ್ಡಮ್ಮಾ! ಬಂದ್ರಾ? ಕೊನೆಗೂ ಬಂದ್ರಾ?"

ನನ್ನ ತಂಗಿಯ ಮಗಳು. ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು ಬುಕಿಂಗ್ ನೋಡಿಕೊಳ್ಳುವವಳು. ಅವಳು ದೊಡ್ಡಮ್ಮ ಅಂತ ಕರೆದು ಕರೆದು ಈ ಶಿಬಿರದ ಜಾಗದಲ್ಲಿ ನಾನು ಎಲ್ಲರಿಗೂ ದೊಡ್ಡಮ್ಮನೇ. ನನಗಿಂತ ಎರಡು ವರ್ಷ ದೊಡ್ಡವನಾದ ದೋಣಿಯವನೂ ಹಾಗೇ ಕರೆಯುತ್ತಾನೆ. ನಾನು ಬೇಡ ಅನ್ನುವುದಿಲ್ಲ, ಅವನಿಗೆ ಅದರಿಂದ ಏನೋ ಸಮಾಧಾನ.

"ಯಾರೂ ಬಂದಿಲ್ಲ" ಅಂದೆ.

"ಟೆಂಟು ನಿಂತಿದೆಯಲ್ಲ!"

"ಟೆಂಟು ನಿಂತಿದೆ. ಗಾಡಿ ಇಲ್ಲ, ಹೊರಗೆ ಒಂದು ಚಪ್ಪಲಿಯೂ ಇಲ್ಲ. ಜನ ಬಂದಿಲ್ಲ."

ಅವಳ ಮುಖ ಇಳಿಯಿತು. ಇಳಿಯದೇ ಏನು. ಮುಖ್ಯ ಕಚೇರಿಯಿಂದ ಬಂದ ತನಿಖಾಧಿಕಾರಿ ಅವಳಿಗೆ ಶನಿವಾರ ಮಧ್ಯಾಹ್ನ ಹನ್ನೆರಡರವರೆಗೆ ಗಡುವು ಕೊಟ್ಟಿದ್ದರು. ಸುಳ್ಳು ಹೆಸರಿನಲ್ಲಿ ಜಾಗ ಹಿಡಿದಿಟ್ಟವರು ಯಾರು ಅಂತ ಅಷ್ಟರೊಳಗೆ ಗೊತ್ತಾಗದಿದ್ದರೆ ಹಿಡಿದಿಟ್ಟವಳು ಅವಳೇ ಅಂತ ಬರೆದು, ಕೆಲಸದಿಂದ ತೆಗೆಯುತ್ತೇವೆ ಅಂದಿದ್ದರು. ಆರು ವರ್ಷದ ಮಗುವಾಗಿದ್ದಾಗಿನಿಂದ ನಾನು ಸಾಕಿದ ಹುಡುಗಿ. ಅವಳ ಕೈ ಶುದ್ಧ ಅಂತ ತೋರಿಸುವುದು ನನ್ನ ಕೆಲಸ ಅಂತ ನಾನೇ ವಹಿಸಿಕೊಂಡಿದ್ದೆ.

"ಅಳಬೇಡ. ಇದನ್ನು ಇಲ್ಲಿ ನೆಟ್ಟವನು ನನಗೆ ಉಪಕಾರ ಮಾಡಿದ್ದಾನೆ. ಹನ್ನೊಂದು ವಾರ ಬರೀ ನೆಲ ನೋಡ್ತಿದ್ದೆ. ಈಗ ನೋಡೋಕೆ ಏನಾದ್ರೂ ಇದೆ" ಅಂದೆ.

ಟೆಂಟಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದೆ.

ಮೊದಲು ಕಣ್ಣಿಗೆ ಬಿದ್ದದ್ದು ಬಾಗಿಲು. ಹದಿನೇಳರ ಮುಂದೆ ಕೆರೆ ಇದೆ. ನೀರು ನೋಡುತ್ತಾ ಮಲಗಬೇಕು ಅಂತಲೇ ಜನ ಈ ಜಾಗಕ್ಕೆ ಹೊಡೆದಾಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ಬಾಗಿಲನ್ನು ನೀರಿಗೆ ಬೆನ್ನು ಮಾಡಿ ಇಟ್ಟವರನ್ನು ನಾನು ಕಂಡಿಲ್ಲ. ಈ ಟೆಂಟಿನ ಬಾಗಿಲು ದಾರಿಯ ಕಡೆಗಿತ್ತು. ದಾರಿಯ ಕಡೆ ಬಾಗಿಲು ಇಡುವವರು ನಾವು, ಇಲ್ಲಿ ಕೆಲಸ ಮಾಡುವವರು. ಸುತ್ತು ಬರುವಾಗ ಒಳಗೆ ಏನಿದೆ ಅಂತ ನಡೆಯುತ್ತಲೇ ಕಾಣಬೇಕಲ್ಲ, ಅದಕ್ಕೆ.

ಎರಡನೆಯದು ಹಗ್ಗ. ಪ್ರತಿ ಹಗ್ಗಕ್ಕೂ ಬಿಳಿ ಬಟ್ಟೆಯ ಚೂರು ಕಟ್ಟಿತ್ತು. ಬಹಳ ಹಿಂದೆ ಒಬ್ಬ ಅಜ್ಜಿ ಹಗ್ಗ ಕಾಣದೆ ಎಡವಿ ಬಿದ್ದು ಕೈ ಮುರಿದುಕೊಂಡಳು. ಆಮೇಲೆ ಹೀಗೆ ಚೂರು ಕಟ್ಟುವುದನ್ನು ಶುರುಮಾಡಿದವಳು ನಾನೇ. ಹೊರಗಿನವರು ಕಟ್ಟುವುದಿಲ್ಲ. ಅವರು ಎಡವಿ ಬೀಳುತ್ತಾರೆ, ನಗುತ್ತಾರೆ, ಮತ್ತೆ ಎಡವುತ್ತಾರೆ.

ಮೂರನೆಯದು ಬೂದಿಯ ಡಬ್ಬ. ಒಲೆಯ ಪಕ್ಕ ಅಚ್ಚುಕಟ್ಟಾಗಿ ಬೋರಲು ಹಾಕಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ ಕೂಡ ಅಷ್ಟು ಅಚ್ಚುಕಟ್ಟಲ್ಲ, ಇನ್ನು ರಜೆಗೆ ಬಂದವರು!

"ಮಗಾ, ಇದು ನಮ್ಮವರ ಕೆಲಸ" ಅಂದೆ.

ಜಿಪ್ಪು ಎಳೆದೆ. ಅರ್ಧಕ್ಕೆ ಸಿಕ್ಕಿಕೊಂಡಿತು. ಸಿಕ್ಕಿಕೊಂಡ ಕಡೆ ಒಂದು ದೊಡ್ಡ ಪಿನ್ನು ಹಾಕಿತ್ತು. ಆ ಪಿನ್ನು ಹಾಕಿದವಳೂ ನಾನೇ. ಎರಡು ವರ್ಷದ ಹಿಂದೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಲಾಂದ್ರ ಮನೆಯಲ್ಲಿ ಬಿಟ್ಟು ಬಂದವರು ಯಾರು ಅಂತ ಜಗಳ ಶುರುವಾಗಿ, ಅವನು ಬೆಳಗಿನ ಬಸ್ಸಿಗೆ, ಅವಳು ಮಧ್ಯಾಹ್ನದ ಬಸ್ಸಿಗೆ ಹೋದರು. ಟೆಂಟು ಉಳಿಯಿತು. ಅವತ್ತಿನಿಂದ ಅದು ನಮ್ಮ ಸಾಮಾನು ಕೋಣೆಯಲ್ಲಿತ್ತು.

ಸಾಮಾನು ಕೋಣೆಗೆ ಮೂರು ಬೀಗದ ಕೈ. ಒಂದು ನನ್ನ ಸೊಂಟದಲ್ಲಿ. ಒಂದು ಮರ ನೋಡಿಕೊಳ್ಳುವವನ ಹತ್ತಿರ. ಮರ ಹತ್ತಿ ಕೊಂಬೆ ಸವರುವ ಅವನಿಗೆ ಗರಗಸ ಅಂತ ಅಡ್ಡಹೆಸರು, ಕೆಲಸಕ್ಕಿಂತ ಮಾತಿಗೆ ಹೆಚ್ಚು ಹೊಂದುತ್ತದೆ. ಮೂರನೆಯದು ಮೇಲ್ವಿಚಾರಕರ ಹತ್ತಿರ. ನಲ್ಲಿ ಸೋರುತ್ತಿದೆ ಅಂದರೂ ನೋಡೋಣ, ಹಾವು ಬಂದಿದೆ ಅಂದರೂ ನೋಡೋಣ ಅನ್ನುವುದರಿಂದ ಅವರಿಗೆ ನೋಡೋಣ ಸಾಹೇಬರು ಅಂತ ಹೆಸರು ಬಿದ್ದಿತ್ತು.

ನನ್ನ ತಂಗಿಯ ಮಗಳ ಹತ್ತಿರ ಆ ಬೀಗದ ಕೈ ಇರಲೇ ಇಲ್ಲ. ಟೆಂಟು ಹೊಡೆದವಳು ಅವಳಲ್ಲ, ನಾನೂ ಅಲ್ಲ. ಉಳಿದವರು ಇಬ್ಬರು.

ಇಷ್ಟು ದಿನ ಇಲ್ಲದ ಟೆಂಟು ಈಗ ಯಾಕೆ ಬಂತು ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆ ವಾರದಿಂದ ಹೊಸ ನಿಯಮ ಬಂದಿತ್ತು. ಗುರುವಾರದಿಂದ ಬುಕ್ ಮಾಡಿದವರು ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಬರದಿದ್ದರೆ ಜಾಗ ಗೇಟಿನಲ್ಲಿ ಕಾದವರಿಗೆ. ಟೆಂಟು ನಿಂತಿದ್ದರೆ ಬಂದ ಹಾಗೆ ಲೆಕ್ಕ.

ಅರ್ಥವಾಗದೆ ಉಳಿದದ್ದು ಒಂದೇ. ಹದಿನೇಳರಲ್ಲಿ ಚಾಪೆ ಹಾಸಿದ ಹಾಗೆ ಸಮತಟ್ಟಾದ ನೆಲ ಇದೆ, ಮೇಲೆ ದೊಡ್ಡ ಮರದ ನೆರಳಿದೆ. ಅದನ್ನು ಬಿಟ್ಟು ಮೂಲೆಯ ಕಲ್ಲುಗಳ ನಡುವೆ, ಇಳಿಜಾರಿನಲ್ಲಿ ಟೆಂಟು ಹೊಡೆದಿದ್ದರು. ಸುಳ್ಳಿಗೆ ಹೊಡೆಯುವವನಿಗೆ ಆ ಕಷ್ಟ ಯಾಕೆ?

* * *

ಎಂಟು ಗಂಟೆಗೆ ಕಿಟಕಿಯ ಮುಂದೆ ಗಾಡಿಗಳ ಸಾಲು ನಿಂತಿತ್ತು. ಕಂಪ್ಯೂಟರಿನಲ್ಲಿ ಮೂವತ್ತೆರಡೂ ಜಾಗ ಭರ್ತಿ. ಕಣ್ಣಿಗೆ ಎಂಟು ಖಾಲಿ. ಬುಕ್ ಮಾಡುವಾಗ ಏನೂ ಕಟ್ಟುವ ಹಾಗಿಲ್ಲ, ಬಂದ ಮೇಲೆ ಕಟ್ಟುವುದು. ಅದಕ್ಕೇ ಜನ ನಾಲ್ಕು ಊರಿನಲ್ಲಿ ನಾಲ್ಕು ಜಾಗ ಹಿಡಿದಿಟ್ಟು, ಮನಸ್ಸು ಬಂದ ಕಡೆ ಹೋಗುತ್ತಾರೆ. ಉಳಿದ ಮೂರು ಕಡೆ ನನ್ನಂಥವಳು ಖಾಲಿ ನೆಲ ಗುಡಿಸುತ್ತಾಳೆ.

ಸಾಲಿನಲ್ಲಿ ಒಂಬತ್ತು ಗಾಡಿ. ಕೊನೆಯ ಗಾಡಿಯ ಯಜಮಾನ ಕಿಟಕಿಗೆ ಬಂದು ಮೊಣಕೈ ಊರಿದ. ಹೆಂಡತಿ, ಎರಡು ಮಕ್ಕಳು, ಹೆಂಡತಿಯ ತಾಯಿ ಹಿಂದೆ ನಿಂತಿದ್ದರು.

"ಮೇಡಂ, ನಿಮ್ಮ ಕಂಪ್ಯೂಟರಿಗೆ ಕಣ್ಣಿದೆಯಾ?"

"ಎಲ್ಲ ಬುಕ್ ಆಗಿದೆ ಸಾರ್. ಇನ್ನೂ ಬಂದಿಲ್ಲ ಅಷ್ಟೆ."

"ಬರದೇ ಇದ್ದವರಿಗೆ ಜಾಗ ಇದೆ, ಬಂದು ನಿಂತವರಿಗೆ ಇಲ್ಲ. ಭಾರೀ ಚೆನ್ನಾಗಿದೆ ನಿಮ್ಮ ನ್ಯಾಯ! ಐದು ಸೋಮವಾರ ಬೆಳಗ್ಗೆ ಎಂಟಕ್ಕೆ ಫೋನ್ ಹಿಡ್ಕೊಂಡು ಕೂತಿದ್ದೀನಿ. ಎಂಟಕ್ಕೆ ಮುಂಚೆ ಒತ್ತಿದ್ರೆ ಇನ್ನೂ ತೆರೆದಿಲ್ಲ ಅನ್ನುತ್ತೆ. ಎಂಟಾದ ಮೇಲೆ ಒತ್ತಿದ್ರೆ ಭರ್ತಿ ಅನ್ನುತ್ತೆ. ಮಧ್ಯದಲ್ಲಿ ಯಾವಾಗ ತೆರೀತು ಸ್ವಾಮಿ?"

"ನಾನು ಆವಾಗ್ಲೇ ಹೇಳ್ದೆ ಅಳಿಯಂದ್ರೇ" ಅಂದರು ಅವನ ಅತ್ತೆ. "ಮನೆ ತಾರಸಿ ಮೇಲೆ ಟೆಂಟು ಹೊಡೀರಿ ಅಂತ. ಅಲ್ಲಿ ಬುಕಿಂಗೂ ಬೇಡ, ಕಕ್ಕಸೂ ಹತ್ತಿರ."

ಸಾಲೆಲ್ಲ ನಕ್ಕಿತು. ಅಳಿಯ ನಗಲಿಲ್ಲ.

ಅಷ್ಟರಲ್ಲಿ ತನಿಖಾಧಿಕಾರಿ ಬಂದರು. ಇನ್ನೂ ಮೂವತ್ತು ದಾಟದ ಮನುಷ್ಯ. ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡೇ ಓಡಾಡುವವರು. ಜೊತೆಗೆ ಇಸ್ತ್ರಿ ಮುರಿಯದ ಅಂಗಿಯ ನೋಡೋಣ ಸಾಹೇಬರು.

"ಹದಿನೇಳರಲ್ಲಿ ಟೆಂಟು ಎದ್ದಿದೆಯಂತೆ" ಅಂದರು ತನಿಖಾಧಿಕಾರಿ, ಕಿಟಕಿಯೊಳಗೆ ಬಗ್ಗಿ. "ನಿನ್ನೆ ಸಂಜೆಯಿಂದ ಇವತ್ತು ಬೆಳಗ್ಗೆವರೆಗೆ ಗೇಟಿನ ಬೀಗದ ಕೈ ಯಾರ ಹತ್ತಿರ ಇತ್ತು?"

"ನನ್ನ ಹತ್ತಿರ ಸಾರ್" ಅಂದಳು ನಮ್ಮ ಹುಡುಗಿ.

"ಹನ್ನೊಂದು ಬುಕಿಂಗ್. ಅದರಲ್ಲಿ ಐದು ಯಾವುದೋ ಫೋನಿಂದ ಆಗಿದೆ, ಆ ನಂಬರಿಗೆ ಮಾಡಿದ್ರೆ ಯಾರೂ ಎತ್ತಲ್ಲ. ಉಳಿದ ಆರು ನಿಮ್ಮ ಮುಂದಿರೋ ಇದೇ ಕಂಪ್ಯೂಟರಿಂದ ಆಗಿದೆ. ಸೋಮವಾರ ಬೆಳಗ್ಗೆ ಎಂಟಕ್ಕೆ ಸರಿಯಾಗಿ. ಆ ಹೊತ್ತಲ್ಲಿ ಇಲ್ಲಿ ಯಾರಿರ್ತಾರೆ?"

ಅವಳು ಕೈಯಲ್ಲಿದ್ದ ಮುದ್ರೆಯನ್ನು ಮೇಜಿನ ಮೇಲಿಟ್ಟಳು.

"ಅವರೊಬ್ಬರೇ" ಅಂದರು ನೋಡೋಣ ಸಾಹೇಬರು, ತುಂಬ ಬೇಸರದ ದನಿಯಲ್ಲಿ. "ಒಳ್ಳೇ ಹುಡುಗಿ. ನನ್ನ ಬಾಯಿಂದ ಹೇಳಬಾರದು. ಆದ್ರೂ... ನೋಡೋಣ."

ನಾನು ಪೊರಕೆ ಗೋಡೆಗೆ ಒರಗಿಸಿದೆ.

"ಸಾಹೇಬ್ರೇ, ಆ ಟೆಂಟಿನ ಬಾಗಿಲು ಯಾವ ಕಡೆಗಿದೆ ನೋಡಿದ್ರಾ?"

"ಬಾಗಿಲು ಯಾವ ಕಡೆಗಿದ್ರೆ ಏನಮ್ಮ?"

"ನಿಮಗೆ ಏನಿಲ್ಲ. ನನಗಿದೆ. ಹನ್ನೆರಡರವರೆಗೆ ನನಗೆ ಬಿಡಿ."

"ಏನು ಮಾಡ್ತೀರಿ?"

"ಕೂತಿರ್ತೀನಿ."

ಅವರಿಗೆ ನಗು ಬಂತು. ಆದರೂ ಗಡಿಯಾರ ನೋಡಿಕೊಂಡು ಆಗಲಿ ಅಂದರು.

ನಾನು ಕಿಟಕಿಯೊಳಗೆ ಬಗ್ಗಿ ಹುಡುಗಿಗೆ ಮೆಲ್ಲಗೆ ಹೇಳಿದೆ. "ಮೈಕಿನಲ್ಲಿ ಹೇಳು. ಹದಿನೇಳರ ಟೆಂಟು ಯಾರದ್ದೂ ಅಲ್ಲ, ಅದನ್ನು ತೆಗೆದುಹಾಕಿ ಹನ್ನೆರಡಕ್ಕೆ ಜಾಗವನ್ನು ಒಂಬತ್ತನೇ ಗಾಡಿಯವರಿಗೆ ಕೊಡ್ತೀವಿ ಅಂತ. ಇಡೀ ಶಿಬಿರಕ್ಕೆ ಕೇಳೋ ಹಾಗೆ."

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಬರೀ ಹೇಳೋದು ತಾನೆ ದೊಡ್ಡಮ್ಮ? ಕೊಡೋದಿಲ್ಲ ಅಲ್ವಾ?"

"ಹೇಳೋದಷ್ಟೆ."

"ಆ ಮಕ್ಕಳನ್ನ ಅಲ್ಲಿ ಮಲಗಿಸೋದಿಲ್ಲ ಅಲ್ವಾ?"

"ಇಲ್ಲಮ್ಮ ತಾಯಿ. ಮೈಕು ಹಿಡಿ."

ಯಜಮಾನ ಕೂಗಾಡುತ್ತಾನೆ ಅಂತ ಹೆದರಿದ್ದಾಳೆ ಅಂದುಕೊಂಡೆ. ಇಷ್ಟು ವಯಸ್ಸಾದರೂ ಒಮ್ಮೊಮ್ಮೆ ಕಣ್ಣೆದುರಿಗಿರುವುದೇ ಕಾಣುವುದಿಲ್ಲ.

* * *

ಹದಿನಾರಕ್ಕೂ ಹದಿನೇಳಕ್ಕೂ ನಡುವೆ ಒಂದು ನಲ್ಲಿಕಟ್ಟೆ ಇದೆ. ಅಲ್ಲಿ ಕೂತು ಕೈಗಾಡಿ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಕಾಯುವುದು ನನಗೆ ಕಷ್ಟವಲ್ಲ. ಜಾಗವನ್ನು ಹಿಡಿದಿಡಲು ಅಷ್ಟು ಶ್ರಮಪಟ್ಟವನು ಅದು ಕೈತಪ್ಪುತ್ತದೆ ಅಂದರೆ ಬಂದೇ ಬರುತ್ತಾನೆ. ಇಬ್ಬರಲ್ಲಿ ಯಾರು ಅನ್ನುವುದಷ್ಟೇ ನನಗೆ ಬೇಕಾಗಿತ್ತು.

ಹತ್ತಾಯಿತು, ಹನ್ನೊಂದಾಯಿತು. ಎದ್ದು ಹೋಗಿ ಟೆಂಟಿನೊಳಗೆ ಮಲಗಿ ನೋಡಿದೆ. ತಲೆ ಕೆಳಗೆ, ಕಾಲು ಮೇಲೆ, ಬೆನ್ನಿಗೆ ಕಲ್ಲು. ಹೊರಗೆ ಬಂದು ಮರದಡಿಯ ಸಮತಟ್ಟು ನೆಲದಲ್ಲಿ ನಿಂತೆ. ಗುರುವಾರ ಸಂಜೆ ನನ್ನ ಪೊರಕೆ ಎಳೆದಿದ್ದ ಗೆರೆಗಳು ಹಾಗೇ ಇದ್ದವು. ಅವುಗಳ ಮೇಲೆ ಅಲ್ಲಲ್ಲಿ ಚಹಾಪುಡಿಯಂಥ ಕಂದು ಪುಡಿ ಉದುರಿತ್ತು. ಬೆರಳಿನಲ್ಲಿ ಉಜ್ಜಿ ಮೂಸಿದೆ. ಚಹಾ ಅಲ್ಲ. ಹಳೆಯ ಪೆಟ್ಟಿಗೆ ತೆಗೆದಾಗ ಬರುವಂಥ ವಾಸನೆ.

ತಲೆ ಎತ್ತಿದೆ. ಮೇಲೆ ತೊಡೆಗಿಂತ ದಪ್ಪದ ಕೊಂಬೆ ಅಡ್ಡಕ್ಕೆ ಚಾಚಿತ್ತು. ಎಲೆಗಳು ಹಸಿರಾಗಿ ಹೊಳೆಯುತ್ತಿದ್ದವು. ಏನೂ ತಪ್ಪು ಕಾಣಲಿಲ್ಲ. ಆದರೂ ಎರಡು ಹೆಜ್ಜೆ ಹಿಂದೆ ಬಂದೆ.

ಹನ್ನೊಂದು ಮುಕ್ಕಾಲಿಗೆ ಕಾಲುಸದ್ದಾಯಿತು. ದಾರಿಯಲ್ಲಲ್ಲ, ಪೊದೆಯ ಕಡೆಯಿಂದ.

ಗರಗಸ.

"ಇದ್ಯಾವ ತಲೆಹರಟೆ ದೊಡ್ಡಮ್ಮ? ಹದಿನೇಳು ಯಾರಿಗೂ ಕೊಡೋ ಹಾಗಿಲ್ಲ!"

"ಯಾಕೆ ಹಾಗಿಲ್ಲ?"

"ಇಲ್ಲ ಅಂದ್ರೆ ಇಲ್ಲ."

"ಟೆಂಟು ಗಟ್ಟಿಯಾಗಿ ಹೊಡೆದಿದ್ದೀಯ ಕಣೋ. ಬಟ್ಟೆ ಚೂರೂ ಕಟ್ಟಿದ್ದೀಯ. ಕಲಿಸಿದ್ದು ಮರೆತಿಲ್ಲ."

ಅವನು ನಲ್ಲಿಕಟ್ಟೆಯ ಮೇಲೆ ಕುಸಿದು ಕೂತ.

"ಬಾಗಿಲು ದಾರಿ ಕಡೆ ಯಾಕಿಟ್ಟೆ?"

ಸ್ವಲ್ಪ ಯೋಚಿಸಿದ. "ಅಭ್ಯಾಸ" ಅಂದ.

"ಅದೇ ನಿನ್ನನ್ನ ಹಿಡಿದುಕೊಟ್ಟಿದ್ದು. ಈಗ ಹೇಳು. ನಿನ್ನಿಂದ ನಮ್ಮ ಹುಡುಗಿ ಅನ್ನ ಹೋಗ್ತಿದೆ, ಗೊತ್ತಾ?"

"ಅವಳ ಅನ್ನವಾ?" ಅವನು ನಿಜವಾಗಿಯೂ ಬೆಚ್ಚಿದ. "ಯಾರೋ ಕಂಪ್ಯೂಟರ್ ವಿಷಯ ತನಿಖೆ ಮಾಡ್ತಿದ್ದಾರೆ ಅಂದ್ರು. ನನಗೂ ಕಂಪ್ಯೂಟರಿಗೂ ಏನು ಸಂಬಂಧ ಅಂತ ಸುಮ್ಮನಿದ್ದೆ. ದೇವರೇ."

ಅಷ್ಟು ಹೊತ್ತಿಗೆ ತನಿಖಾಧಿಕಾರಿ ದಾರಿಯಲ್ಲಿ ಬರುತ್ತಿದ್ದರು. ಹಿಂದೆ ನಮ್ಮ ಹುಡುಗಿ. ನಾನು ಕೈಮಾಡಿ ಕರೆದೆ.

"ಬನ್ನಿ ಸಾಹೇಬ್ರೇ. ನಿಮ್ಮ ಫೋನಿನ ಮನುಷ್ಯ ಇಲ್ಲಿ ಕೂತಿದ್ದಾನೆ."

"ನೀವಾ?" ಅಂದರು ತನಿಖಾಧಿಕಾರಿ. "ಹದಿನೇಳನ್ನ ಬುಕ್ ಮಾಡಿದ್ದು ನೀವಾ? ಯಾತಕ್ಕೆ?"

ಗರಗಸ ಎದ್ದ. ಸೊಂಟದಿಂದ ಕೊಡಲಿ ತೆಗೆದ. ತನಿಖಾಧಿಕಾರಿ ಲ್ಯಾಪ್‌ಟಾಪ್ ಮುಂದೆ ಹಿಡಿದು ಒಂದು ಹೆಜ್ಜೆ ಹಿಂದೆ ಹೋದರು. ಅವನು ಅವರನ್ನು ನೋಡಲೂ ಇಲ್ಲ. ಪೊದೆಯ ಹಿಂದೆ ಇಟ್ಟಿದ್ದ ತನ್ನ ಏಣಿ ತಂದು ಕಾಂಡಕ್ಕೆ ಒರಗಿಸಿ ನಾಲ್ಕು ಮೆಟ್ಟಿಲು ಹತ್ತಿ, ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಒಂದು ಏಟು ಕೊಟ್ಟ. ಟಕ್ ಅಂದಿತು. ಕೈ ಚಾಚಿ ಕೊಂಬೆಯ ಬುಡಕ್ಕೆ ಮೆಲ್ಲಗೆ ಒಂದು ಏಟು ಕೊಟ್ಟ.

ಖಾಲಿ ಡ್ರಮ್ಮು ಬಡಿದ ಹಾಗೆ ಕೇಳಿತು. ಕಂದು ಪುಡಿ ಸುರಿಯಿತು.

"ಒಳಗೆ ಏನೂ ಇಲ್ಲ ಸಾರ್" ಅಂದ, ಇಳಿದು ಬಂದು. "ಹುಳ ತಿಂದು ಕೊಳವೆ ಮಾಡಿದೆ. ತೊಗಟೆ ಇದೆ, ಎಲೆ ಇದೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ನಾಲ್ಕು ತಿಂಗಳ ಹಿಂದೆ ಹತ್ತಿದಾಗ ನನಗೆ ಗೊತ್ತಾಯ್ತು. ನಾನೊಬ್ಬನೇ ಕಡಿಯೋಕಾಗಲ್ಲ, ಕ್ರೇನ್ ಬೇಕು. ಜಾಗ ಮುಚ್ಚಿ ಅಂತ ಮೇಲ್ವಿಚಾರಕರಿಗೆ ಬರೆದುಕೊಟ್ಟೆ. ಒಂದಲ್ಲ, ಮೂರು ಸಲ."

"ಏನಂದ್ರು?"

"ಏನಂತಾರೆ? ನೋಡೋಣ ಅಂದ್ರು. ಮೂರನೇ ಸಲ ಎಲೆ ಹಸಿರಾಗಿದೆಯಲ್ಲಪ್ಪ, ಮರಕ್ಕೇನಾಗಿದೆ ಅಂತ ನನ್ನನ್ನೇ ಕೇಳಿದ್ರು. ಮೊದಲನೇ ತಿಂಗಳು ಜನ ಇಲ್ಲೇ ಮಲಗಿದ್ರು ಸಾರ್. ನಾನು ದಿನಾ ಬೆಳಗ್ಗೆ ಬಂದು, ದೂರದಲ್ಲಿ ನಿಂತು, ಎಷ್ಟು ಜನ ಎದ್ದು ಹೊರಗೆ ಬಂದ್ರು ಅಂತ ಎಣಿಸ್ತಿದ್ದೆ. ಆಮೇಲೆ ಮಗಳ ಹಳೇ ಫೋನಲ್ಲಿ ಬುಕ್ ಮಾಡೋದು ಕಲಿತೆ. ನಾನೇ ಹಿಡಿದಿಟ್ರೆ ಬೇರೆ ಯಾರೂ ಬರಲ್ಲವಲ್ಲ."

ತನಿಖಾಧಿಕಾರಿ ಕೊಂಬೆಯಡಿಯಿಂದ ಎರಡು ಹೆಜ್ಜೆ ಈಚೆ ಬಂದರು. ಆಮೇಲೆ ಕೇಳಿದರು. "ಹಾಗಾದ್ರೆ ಆಫೀಸಿನ ಕಂಪ್ಯೂಟರಿಂದ ಬುಕ್ ಮಾಡಿದ್ದೂ ನೀವೇ?"

"ಆಫೀಸಿಂದಲಾ? ಇಲ್ಲಪ್ಪ. ನಾನು ಮಾಡಿದ್ದು ಐದೇ ವಾರ."

"ಉಳಿದ ಆರು?"

"ಅದೇ ಸಾರ್ ನನ್ನ ನಿದ್ದೆ ಕೆಡಿಸಿದ್ದು! ಎಂಟು ಹೊಡೆಯೋದೇ ತಡ, ಯಾರೋ ನನ್ನ ಕೈಯಿಂದ ಕಿತ್ಕೊಂಡು ಬಿಡ್ತಿದ್ರು. ನಾನೋ ಒಂದೊಂದು ಬೆರಳಲ್ಲಿ ಹುಡುಕಿ ಹುಡುಕಿ ಒತ್ತೋನು. ಅಯ್ಯೋ, ಈ ವಾರ ಯಾರೋ ಬಂದು ಮಲಗ್ತಾರೆ ಅಂತ ಒದ್ದಾಡ್ತಿದ್ದೆ. ನೋಡಿದ್ರೆ ಅವರೂ ಬರ್ತಿರಲಿಲ್ಲ. ಯಾವ ಪುಣ್ಯಾತ್ಮರೋ ಅಂತ ಕೈ ಮುಗೀತಿದ್ದೆ."

ನಾನು ಪುಣ್ಯಾತ್ಮರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಆ ಮಕ್ಕಳನ್ನು ಅಲ್ಲಿ ಮಲಗಿಸೋದಿಲ್ಲ ಅಲ್ವಾ ಅಂತ ಅವಳು ಬೆಳಗ್ಗೆಯೇ ಕೇಳಿದ್ದಳು.

ತಿರುಗಿ ನೋಡಿದೆ. ಅವಳು ನೇರವಾಗಿ ನಿಂತಿದ್ದಳು.

"ನಾನೇ ದೊಡ್ಡಮ್ಮ" ಅಂದಳು.

ಗರಗಸನ ಕೈಯಿಂದ ಕೊಡಲಿ ಜಾರಿತು. "ನೀನಾ? ನನ್ನ ಜೊತೆ ಪೈಪೋಟಿ ಮಾಡ್ತಿದ್ದಿದ್ದು ನೀನಾ?"

"ನೀವು ಅಂತ ನನಗೇನು ಗೊತ್ತಣ್ಣ! ಐದು ವಾರ ಜಾಗ ಬೇರೆ ಯಾರಿಗೋ ಹೋದಾಗ ನಾನು ಊಟ ಬಿಟ್ಟಿದ್ದೆ."

ಆಮೇಲೆ ತನಿಖಾಧಿಕಾರಿಯ ಕಡೆ ತಿರುಗಿದಳು. ದನಿ ನಡುಗಲಿಲ್ಲ. ಅದನ್ನು ನಾನು ಗಮನಿಸಿದೆ, ಹೆಮ್ಮೆಯೂ ಆಯಿತು.

"ಇವರ ಮೂರು ಪತ್ರಾನೂ ನನ್ನ ಕಿಟಕಿಯಿಂದಲೇ ಒಳಗೆ ಹೋಗಿದ್ದು ಸಾರ್. ಮೂರನೇ ಪತ್ರ ತಗೊಂಡು ಹೋದಾಗ, ಈ ವಿಷಯ ಕಿಟಕಿಯಿಂದ ಆಚೆ ಹೋಗಬಾರದು ಅಂದ್ರು ಮೇಲ್ವಿಚಾರಕರು. ಜಾಗ ಮುಚ್ಚೋ ಅಧಿಕಾರ ನನಗಿಲ್ಲ. ನನಗಿರೋದು ಒಂದು ಕಂಪ್ಯೂಟರು. ಅದರಲ್ಲಿ ಏನು ಮಾಡೋಕಾಗುತ್ತೋ ಅದನ್ನ ಮಾಡಿದೆ."

"ನಾನು ಕೇಳಿದಾಗ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ನಂಬೋದು ಆಮೇಲೆ. ಮೊದಲು ನನ್ನ ಬುಕಿಂಗ್ ರದ್ದು ಮಾಡ್ತಿದ್ರಿ. ಅವತ್ತೇ ಯಾರಾದ್ರೂ ಬಂದು ಇದರಡಿ ಮಲಗ್ತಿದ್ರು."

"ನನಗಾದ್ರೂ ಹೇಳಬಹುದಿತ್ತಲ್ಲೇ" ಅಂದೆ.

"ನಿಮಗಾ! ನೀವು ಪೊರಕೆ ಹಿಡ್ಕೊಂಡು ನೇರ ಅವರ ಮೇಜಿನ ಮುಂದೆ ನಿಲ್ತಿದ್ರಿ. ಒಂದು ಕೆಲಸ ಹೋಗೋ ಕಡೆ ಎರಡು ಹೋಗ್ತಿತ್ತು."

ಸುಳ್ಳಲ್ಲ. ನಿಲ್ಲುತ್ತಿದ್ದೆ.

ಅವಳು ಏನೂ ಮಾಡಿಲ್ಲ ಅಂತ ತೋರಿಸಲು ಹೊರಟ ನಾನು, ಮಾಡಿದವಳು ಅವಳೇ ಅಂತ ನನ್ನ ಕೈಯಾರೆ ತನಿಖಾಧಿಕಾರಿಯ ಮುಂದೆ ಇಟ್ಟಿದ್ದೆ. ಆದರೆ ತಲೆ ತಗ್ಗಿಸಬೇಕು ಅನ್ನಿಸಲಿಲ್ಲ. ಮುಂದಿನದನ್ನು ಕೇಳಿದೆ.

"ಈಗ ಏನು ಮಾಡ್ತೀರಿ ಸಾಹೇಬ್ರೇ?"

ತನಿಖಾಧಿಕಾರಿ ಮೊದಲ ಸಲ ಲ್ಯಾಪ್‌ಟಾಪನ್ನು ಕೆಳಗಿಟ್ಟರು, ಅದೂ ನಲ್ಲಿಕಟ್ಟೆಯ ಒದ್ದೆಯ ಮೇಲೆ.

"ದೊಡ್ಡಮ್ಮ, ಕೊಂಬೆ ಟೊಳ್ಳು. ಒಪ್ಪಿದೆ. ಇವತ್ತೇ ಈ ಜಾಗಕ್ಕೆ ಹಗ್ಗ ಕಟ್ಟಿಸ್ತೀನಿ. ಆದರೆ ಸ್ವಂತ ಕಿಟಕಿಯಿಂದ ಸುಳ್ಳು ಹೆಸರಲ್ಲಿ ಬುಕ್ ಮಾಡಿದ್ದೂ ನಿಜ. ಎಚ್ಚರಿಕೆ ಕೊಟ್ಟಿದ್ವಿ, ಮೇಲಿನವರು ಕೇಳಲಿಲ್ಲ, ಬೇರೆ ದಾರಿ ಇರಲಿಲ್ಲ ಅಂತ ಇವರು ತೋರಿಸಿದ್ರೆ, ನಾಳೆ ಮಧ್ಯಾಹ್ನ ಕೆಲಸ ಹೋಗೋದು ಇವರದ್ದಲ್ಲ. ತೋರಿಸೋಕಾಗದಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ. ಪತ್ರ ಕೊಟ್ಟಿದ್ದಕ್ಕೆ ಸಾಕ್ಷಿ ಏನು?"

"ಆವಕ ಪುಸ್ತಕ!" ಅಂದಳು ಹುಡುಗಿ, ಮುಖ ಅರಳಿಸಿಕೊಂಡು. "ಒಳಗೆ ಬರೋ ಪ್ರತಿ ಕಾಗದವನ್ನೂ ಅದರಲ್ಲಿ ಬರೆದು ಮುದ್ರೆ ಹಾಕ್ತೀನಿ. ತಗೊಂಡವರು ಸಹಿ ಹಾಕಲೇಬೇಕು. ಮೂರು ಪತ್ರಕ್ಕೂ ಮೇಲ್ವಿಚಾರಕರ ಸಹಿ ಇದೆ ಸಾರ್. ಮೂರಕ್ಕೂ!"

"ನಡೀರಿ" ಅಂದರು ಅವರು.

ನಡೆಯಲಿಲ್ಲ, ಓಡಿದೆವು. ನನ್ನ ಮೊಣಕಾಲು ಓಡಿ ಎಷ್ಟೋ ವರ್ಷವಾಗಿತ್ತು.

ಕಿಟಕಿಯ ಹಿಂದಿನ ಕೋಣೆ. ಗೋಡೆಗೆ ಕಬ್ಬಿಣದ ಕಪಾಟು. ಮೇಲಿನಿಂದ ಎರಡನೇ ಸಾಲಿನಲ್ಲಿ ದಪ್ಪ ದಪ್ಪ ಪುಸ್ತಕಗಳು ಒತ್ತಾಗಿ ನಿಂತಿದ್ದವು. ನಡುವೆ ನಾಲ್ಕು ಬೆರಳಗಲ ಜಾಗ ಖಾಲಿ. ಪುಸ್ತಕ ನಿಂತಿದ್ದ ಕಡೆ ಮಾತ್ರ ಧೂಳಿರಲಿಲ್ಲ.

ಹುಡುಗಿ ಆ ಖಾಲಿ ಜಾಗಕ್ಕೆ ಕೈ ಹಾಕಿ ತಡವಿದಳು, ಕಣ್ಣನ್ನು ನಂಬದವಳ ಹಾಗೆ.

"ಬೆಳಗ್ಗೆ ಇತ್ತು. ನಾನೇ ಎರಡು ಕಾಗದ ಬರೆದೆ. ಇಲ್ಲೇ ಇತ್ತು."

"ನೀಲಿ ರಟ್ಟಾ?" ಅಂದರು ತನಿಖಾಧಿಕಾರಿ. ಅವರ ದನಿ ಬೇರೆಯಾಗಿತ್ತು. "ಮೂಲೆಗೆ ಕೆಂಪು ಬಟ್ಟೆ ಅಂಟಿಸಿತ್ತಾ?"

"ಹೌದು ಸಾರ್. ನೀವು ಯಾವಾಗ ನೋಡಿದ್ರಿ?"

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಹನ್ನೊಂದೂವರೆಗೆ ಮೇಲ್ವಿಚಾರಕರು ಗಾಡಿಯಲ್ಲಿ ಬಂದ್ರು. ನೀವು ಸಾಲಿನವರ ಜೊತೆ ಮಾತಾಡ್ತಿದ್ರಿ. ಮುಖ್ಯ ಕಚೇರಿಗೆ ಹೋಗ್ತಿದ್ದೀನಿ, ಸ್ವಲ್ಪ ಗೇಟು ಎತ್ತಿ ಅಂದ್ರು. ಪುಸ್ತಕ ಪಕ್ಕದ ಸೀಟಿನ ಮೇಲಿತ್ತು." ಗೇಟಿನ ಕಡೆ ಕೈ ತೋರಿಸಿದರು. "ನಾನೇ ಗೇಟು ಎತ್ತಿದೆ."

ಹೊರಗೆ ಒಂಬತ್ತನೇ ಗಾಡಿಯ ಯಜಮಾನ ಗಾಜು ತಟ್ಟುತ್ತಾ, ಹನ್ನೆರಡಾಯ್ತು, ನಮ್ಮ ಜಾಗ ಎಲ್ಲಿ ಅನ್ನುತ್ತಿದ್ದ.

ನಾನು ಹಾಕಿದ ಗಾಳಕ್ಕೆ ಒಬ್ಬ ಬಂದ, ಒಬ್ಬರು ಓಡಿದರು. ಬಂದವನನ್ನು ನೋಡುತ್ತಾ ಕೂತವಳು ಓಡಿದವರ ಕಡೆ ಬೆನ್ನು ಹಾಕಿದ್ದೆ.

"ಮುಖ್ಯ ಕಚೇರಿಗೆ ಫೋನ್ ಮಾಡ್ತೀನಿ" ಅಂದರು ತನಿಖಾಧಿಕಾರಿ. "ಅವರು ಅಲ್ಲಿ ತಲುಪೋ ಮುಂಚೆ ಬಾಗಿಲಲ್ಲೇ ಹಿಡಿಸ್ತೀನಿ."

"ತಡೀರಿ" ಅಂದೆ.

ಗೇಟಿನಾಚೆ ಹೋದೆ. ಕಾದು ನಿಂತ ಗಾಡಿಗಳೆಲ್ಲ ಗೇಟಿನ ಒಳಗೆ ಎಡಕ್ಕೆ ಸಾಲಾಗಿ ನಿಂತಿದ್ದವು. ಅವೆಲ್ಲ ಬಂದದ್ದು ಎಡಗಡೆಯ ದಾರಿಯಿಂದ, ಮುಖ್ಯ ಕಚೇರಿಯ ಊರಿನ ಕಡೆಯಿಂದ. ಬಲಗಡೆಯ ಮಣ್ಣಿನ ದಾರಿಯಲ್ಲಿ ಒಂದೇ ಒಂದು ಗಾಡಿಯ ಗಾಲಿ ಗುರುತಿತ್ತು. ಅಂಚು ಇನ್ನೂ ಚೂಪಾಗಿತ್ತು. ನಾನು ಬಗ್ಗಿ ನೋಡಿದೆ. ಪಕ್ಕದಲ್ಲಿ ಗರಗಸನೂ ಬಗ್ಗಿದ.

"ದೊಡ್ಡಮ್ಮ, ಈ ದಾರಿ..."

"ಗೊತ್ತು" ಅಂದೆ.

ಆ ದಾರಿ ಯಾವ ಊರಿಗೂ ಹೋಗುವುದಿಲ್ಲ. ಕೆರೆಯ ಏರಿ ಹತ್ತಿ, ನೀರು ಆನೆಯುದ್ದ ಆಳವಿರುವ ಹಳೆಯ ತೂಬಿನ ಮುಂದೆ ಮುಗಿಯುತ್ತದೆ. ಪುಸ್ತಕವೊಂದನ್ನು ಮುಳುಗಿಸಬೇಕಾದವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಗಾಡಿಯಲ್ಲಿ ಹತ್ತು ನಿಮಿಷ. ಹೋದವರು ಅದೇ ದಾರಿಯಲ್ಲಿ ವಾಪಸು ಬರಬೇಕು, ಬೇರೆ ದಾರಿಯಿಲ್ಲ.

ಹೋದ ಗುರುತು ಸ್ಪಷ್ಟವಾಗಿತ್ತು. ವಾಪಸು ಬಂದ ಗುರುತು ಎಷ್ಟು ಹುಡುಕಿದರೂ ಸಿಗಲಿಲ್ಲ.

ಹುಡುಗಿ ನನ್ನ ತೋಳು ಹಿಡಿದಳು. ನಾನು ಪೊರಕೆಯನ್ನು ಗೇಟಿಗೆ ಒರಗಿಸಿ ಸೆರಗು ಬಿಗಿದುಕೊಂಡೆ. ಗರಗಸ ಆಗಲೇ ಏರಿಯ ಕಡೆ ಓಡುತ್ತಿದ್ದ.

ಮೂರು ಸಹಿಗಳಿದ್ದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ನೋಡೋಣ ಸಾಹೇಬರು ನಮ್ಮ ಗೇಟು ದಾಟಿ ಹೋದದ್ದು ಆ ಶುಕ್ರವಾರ.